ಪದಚರ್ಚೆ: ಎರಡು ಹಲ್ಲುಗಳ ನಡುವಿನ ಸಂದಿಗೆ ‘ಕಕ್ಕು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ವಸ್ತು ಕಣ್ಣಿಗೆ ಕಟ್ಟದಿದ್ದರೆ ಪದ ಸರಿಯೋ ತಪ್ಪೋ ಹೇಳುವುದು ಕಷ್ಟ, ಅಲ್ವಾ?

ನಾನು ಪೀಣ್ಯದ ಒಂದು ಸಣ್ಣ ಟೂಲ್‌ರೂಮ್‌ನಲ್ಲಿ ಕೆಲಸ ಮಾಡುತ್ತೇನೆ. ನೂಲಿನ ಗಿರಣಿಗಳಲ್ಲಿ ಹತ್ತಿ ಹಿಂಜುವ ಕಾರ್ಡಿಂಗ್ ಯಂತ್ರ ಇರುತ್ತದೆ. ಅದರ ಉರುಳೆಗಳ ಮೈಗೆ ಹಲ್ಲಿರುವ ಉಕ್ಕಿನ ತಂತಿಯನ್ನು ಸುತ್ತಿರುತ್ತಾರೆ. ಆ ಹಲ್ಲುಗಳನ್ನು ಕತ್ತರಿಸುವ ಪಂಚ್ (ಮೇಲಿನಿಂದ ಒತ್ತಿ ಕತ್ತರಿಸುವ ಉಳಿಯಂಥ ಉಪಕರಣ) ಮತ್ತು ಡೈ (ಅದಕ್ಕೆ ಕೆಳಗಿನಿಂದ ಆಸರೆ ಕೊಡುವ ಜೋಡಿ ಅಚ್ಚು) ಮಾಡುವುದು ನಮ್ಮ ಕೆಲಸ. ಮಾಡಿದ ಪಂಚ್ ಸರಿಯಿದೆಯೇ ಅಂತ ನೋಡಲು ನಮ್ಮಲ್ಲೇ ಒಂದಷ್ಟು ತಂತಿ ಓಡಿಸುತ್ತೇವೆ. ಹೊಸದಾಗಿ ಸೇರುವ ಹುಡುಗರು ಹೆಚ್ಚಾಗಿ ಮಾಗಡಿ, ಕುಣಿಗಲ್, ತುಮಕೂರು ಕಡೆಯವರು. ಐಟಿಐ ಮುಗಿಸಿರುತ್ತಾರೆ, ಡ್ರಾಯಿಂಗ್ ಓದುತ್ತಾರೆ. ಆದರೆ ಯಾಕೆ ಹೀಗೆ ಮಾಡಬೇಕು ಅನ್ನುವುದನ್ನು ಅವರದೇ ಮಾತಿನಲ್ಲಿ ಹೇಳಿದರೆ ಮನಸ್ಸಿಗೆ ಇಳಿಯುತ್ತದೆ. ಅದಕ್ಕೇ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ.

ತಂತಿ ಅಂದ ತಕ್ಷಣ ದುಂಡಗಿನ ತಂತಿ ಅಂದುಕೊಳ್ಳಬೇಡಿ. ಮೊದಲು ದುಂಡಗೇ ಇರುತ್ತದೆ. ರೋಲರ್‌ಗಳ ನಡುವೆ ಒತ್ತಿ ಒತ್ತಿ ಅದಕ್ಕೆ ಬೇರೆ ರೂಪ ಕೊಡುತ್ತಾರೆ. ಕೆಳಗೆ ದಪ್ಪ ಬುಡ, ಮೇಲೆ ಚಾಕುವಿನ ಅಲಗಿನಂಥ ತೆಳು ಭಾಗ. ಆಮೇಲೆ ಆ ಅಲಗಿನಲ್ಲಿ ಪಂಚ್ ಒಂದೊಂದಾಗಿ ಚೂರು ಕತ್ತರಿಸುತ್ತಾ ಹೋಗುತ್ತದೆ. ಉಳಿದದ್ದು ಹಲ್ಲು. ಗರಗಸವನ್ನು ದಾರದಷ್ಟು ಸಣ್ಣದು ಮಾಡಿದಂತೆ ಕಾಣುತ್ತದೆ.

ಎಷ್ಟು ಸಣ್ಣದು ಅಂದರೆ, ಯಂತ್ರದ ಮುಖ್ಯ ಉರುಳೆಗೆ, ಅಂದರೆ ಸಿಲಿಂಡರ್‌ಗೆ, ಸುತ್ತುವ ತಂತಿ ಬುಡದಿಂದ ತುದಿಯವರೆಗೆ ಸುಮಾರು 2 ಮಿ.ಮೀ. ಎತ್ತರ ಇರುತ್ತದೆ. ಬುಡದ ಅಗಲ 0.5 ಮಿ.ಮೀ., ಒಂದು ಹಲ್ಲಿನ ತುದಿಯಿಂದ ಇನ್ನೊಂದರ ತುದಿಗೆ 1.5 ಮಿ.ಮೀ. ಅಂತ ಇಟ್ಟುಕೊಳ್ಳಿ. ಸಿಲಿಂಡರ್‌ನ ವ್ಯಾಸ 1,290 ಮಿ.ಮೀ., ಅಗಲ ಒಂದು ಮೀಟರ್ ಇದ್ದರೆ 2,000 ಸುತ್ತು ಬೇಕು. ಅಂದರೆ ಎಂಟು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ತಂತಿ. ಮೆಜೆಸ್ಟಿಕ್‌ನಿಂದ ಎಳೆದರೆ ಯಶವಂತಪುರ ದಾಟುತ್ತದೆ. ಅದರಲ್ಲಿ ಸುಮಾರು 54 ಲಕ್ಷ ಹಲ್ಲು. ಹುಡುಗರಿಗೆ ಈ ಲೆಕ್ಕ ಹೇಳಿದ ದಿನ ಅವರು ತಂತಿಯನ್ನು ಕೈಯಲ್ಲಿ ಹಿಡಿಯುವ ರೀತಿಯೇ ಬದಲಾಯಿತು.

ಈಗ ಪದದ ವಿಷಯ. ನನ್ನ ಮೊದಲ ಕರಡಿನಲ್ಲಿ ‘ಹಲ್ಲಿನ ಎತ್ತರ 2 ಮಿ.ಮೀ.’ ಅಂತ ಬರೆದಿದ್ದೆ. ಡ್ರಾಯಿಂಗ್‌ನಲ್ಲಿ ಅದು ಇಡೀ ತಂತಿಯ ಎತ್ತರ. ಹಲ್ಲಿನ ನಡುವಿನ ಸಂದಿಯ ಆಳ ಅರ್ಧ ಮಿ.ಮೀ. ಆಸುಪಾಸು, ಅಷ್ಟೆ. ಒಬ್ಬ ಹುಡುಗ ನನ್ನ ಹಾಳೆ ನೋಡಿಕೊಂಡು ಪಂಚ್ 2 ಮಿ.ಮೀ. ಇಳಿಯುವಂತೆ ಕೂರಿಸಿದ. ಅವನು ಓದಿದ್ದು ಸರಿಯಾಗಿಯೇ ಇತ್ತು. ಹಲ್ಲು 2 ಮಿ.ಮೀ. ಎತ್ತರ ಬರಬೇಕಾದರೆ 2 ಮಿ.ಮೀ. ಕತ್ತರಿಸಬೇಕಲ್ಲ! ತಂತಿ ತುಂಡಾಯಿತು, ಪಂಚ್‌ನ ತುದಿ ಮುರಿಯಿತು. ತಪ್ಪು ನನ್ನ ಪದದ್ದು. ‘ಹಲ್ಲು’ ಅಂದರೆ ಅದು ಎಲ್ಲಿಂದ ಶುರುವಾಗುತ್ತದೆ ಅನ್ನುವುದು ಆ ಪದದಲ್ಲಿ ಇಲ್ಲ. ನಮ್ಮ ಬಾಯಿಯಲ್ಲೂ ಹಾಗೇ, ವಸಡಿನ ಒಳಗೆ ಇರುವುದೂ ಹಲ್ಲೇ.

ಅವತ್ತಿನಿಂದ ನನಗೆ ಅನ್ನಿಸುತ್ತಿದೆ, ಹೆಸರು ಬೇಕಾಗಿರುವುದು ಹಲ್ಲಿಗಲ್ಲ, ಸಂದಿಗೆ. ಪಂಚ್ ಹಲ್ಲನ್ನು ಮಾಡುವುದಿಲ್ಲ, ಸಂದಿಯನ್ನು ಮಾಡುತ್ತದೆ. ಗಿರಣಿಯಲ್ಲೂ ಸಂದಿಯೇ ಮುಖ್ಯ. ಸಿಲಿಂಡರ್‌ನಲ್ಲಿ ಸಂದಿ ಆಳವಾದರೆ ಹತ್ತಿಯ ಎಳೆ ಒಳಗೆ ಹೂತು ಕೂರುತ್ತದೆ. ಆಳ ಕಡಿಮೆ ಇದ್ದರೆ ಎಳೆ ತುದಿಗಳ ಮೇಲೇ ಇದ್ದು ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಹತ್ತಿಯನ್ನು ಮೊದಲು ಎಳೆದುಕೊಳ್ಳುವ ಲಿಕ್ಕರ್-ಇನ್ ಉರುಳೆಯಲ್ಲಿ ಇದು ತಿರುಗುಮುರುಗು. ಅಲ್ಲಿ ಗಂಟು ಗಂಟು ಹತ್ತಿ ಬರುತ್ತದೆ. ಆದ್ದರಿಂದ ಹಲ್ಲು ದೊಡ್ಡದು, ವಿರಳ, ಸಂದಿಯೂ ದೊಡ್ಡದು.

ಆಗ ನೆನಪಾದ ಪದ ‘ಕಕ್ಕು’. ಊರಿನಲ್ಲಿ ಕುಡುಗೋಲು ಮೊಂಡಾದರೆ ಕಕ್ಕು ಹಾಕಿಸುತ್ತಿದ್ದೆವು. ಬೀಸುವ ಕಲ್ಲು ನುಣುಪಾದರೆ ಉಳಿ ಹಿಡಿದು ಕಕ್ಕು ಹೊಡೆಯುವವರು ಬರುತ್ತಿದ್ದರು. ಎರಡು ಕಡೆಯೂ ಕೆಲಸ ಒಂದೇ, ಇರುವುದರಿಂದ ಸ್ವಲ್ಪ ತೆಗೆದು ಮೊನಚು ತರುವುದು. ಪಂಚ್ ಮಾಡುವುದೂ ಅದನ್ನೇ. ‘ಕಕ್ಕಿನ ಆಳ 0.5, ತಂತಿಯ ಎತ್ತರ 2’ ಅಂತ ಬರೆದರೆ ಯಾರೂ ತಪ್ಪು ಓದಲಾರರು.

ಆದರೆ ಎರಡು ತೊಡಕು ಕಾಣುತ್ತಿದೆ. ಒಂದು, ಬೆಂಗಳೂರಲ್ಲೇ ಬೆಳೆದ ಹುಡುಗರಿಗೆ ಕಕ್ಕು ಅಂದರೆ ವಾಂತಿ ಮಾತ್ರ. ಇದು ದೊಡ್ಡ ತೊಡಕಲ್ಲ, ಒಂದು ಕುಡುಗೋಲು ತೋರಿಸಿದರೆ ಆಯಿತು. ಎರಡನೆಯದು ನಿಜವಾದ ತೊಡಕು. ಬೀಸುವ ಕಲ್ಲಿನಲ್ಲಿ ಕಕ್ಕು ಅಂದರೆ ಉಳಿ ಮಾಡಿದ ಸಣ್ಣ ಗುಂಡಿ. ಕುಡುಗೋಲಿನಲ್ಲಿ ಅದು ಗುಂಡಿಯೋ, ಗುಂಡಿಗಳ ನಡುವೆ ಎದ್ದು ನಿಂತ ಹಲ್ಲೋ? ನಮ್ಮ ಮನೆಯಲ್ಲಿ ‘ಕಕ್ಕು ಸವೆದಿದೆ’ ಅನ್ನುತ್ತಿದ್ದರು. ಸವೆಯುವುದು ಹಲ್ಲೇ ಹೊರತು ಸಂದಿ ಅಲ್ಲ. ತಮಿಳಿನಲ್ಲೂ ಇದರ ಒಡಹುಟ್ಟಿದ ಪದ ‘ಕರುಕ್ಕು’ ಇದೆ. ಗರಗಸದ, ಕುಡುಗೋಲಿನ ಹಲ್ಲಿಗೂ ತಾಳೆ ಗರಿಯ ದಂಟಿನ ಮುಳ್ಳಂಚಿಗೂ ಅದನ್ನೇ ಹೇಳುತ್ತಾರೆ. ಅಲ್ಲಿ ಅದು ಎದ್ದು ನಿಂತದ್ದೇ. ಹಾಗಾದರೆ ನಾನು ಪದವನ್ನು ಎಳೆದು ಬೇರೆ ಕಡೆ ಕೂರಿಸುತ್ತಿದ್ದೇನೆಯೇ?

ಉಳಿದ ಪದಗಳಲ್ಲಿ ಇಷ್ಟು ಕಷ್ಟ ಆಗಲಿಲ್ಲ. ತುದಿಯನ್ನು ಮಾತ್ರ ಕಾಯಿಸಿ ತಣಿಸಿ ಗಟ್ಟಿ ಮಾಡುವುದಕ್ಕೆ ‘ತುದಿಗೆ ಹದ ಹಾಕುವುದು’ ಅಂದೆ. ಬುಡ ಮೆತ್ತಗೇ ಇರಬೇಕು, ಇಲ್ಲದಿದ್ದರೆ ಸುತ್ತುವಾಗ ಮುರಿಯುತ್ತದೆ. ಕಮ್ಮಾರರ ಮಾತು, ಹುಡುಗರು ತಕ್ಷಣ ಹಿಡಿದರು. ಹಲ್ಲು ಮುಂದಕ್ಕೆ ವಾಲಿರುವುದಕ್ಕೆ ‘ಓರೆ’. ಕೆಲವು ಡ್ರಾಯಿಂಗ್‌ಗಳಲ್ಲಿ ಓರೆಯನ್ನು ಬುಡದಿಂದ ಅಳೆದು 75 ಡಿಗ್ರಿ ಅಂತಲೂ, ಕೆಲವದರಲ್ಲಿ ನೆಟ್ಟಗಿನ ಗೆರೆಯಿಂದ ಅಳೆದು 15 ಡಿಗ್ರಿ ಅಂತಲೂ ಹಾಕಿರುತ್ತಾರೆ. ಎರಡೂ ಒಂದೇ ಹಲ್ಲು. ‘ಓರೆ’ ಅಂದಾಗ ನೆಟ್ಟಗಿನಿಂದ ಎಷ್ಟು ವಾಲಿದೆ ಅನ್ನುವುದೇ ಮನಸ್ಸಿಗೆ ಬರುತ್ತದೆ, ಹಾಗಾಗಿ 15 ಅನ್ನೇ ಬರೆದಿದ್ದೇನೆ.

ಕಾರ್ಡಿಂಗ್‌ಗೆ ‘ಹಿಂಜುವುದು’ ಅಂತಲೇ ಇಟ್ಟಿದ್ದೇನೆ. ‘ಬಾಚುವುದು’ ಅನ್ನುವವರಿದ್ದಾರೆ, ಆದರೆ ಗಿರಣಿಯಲ್ಲಿ ಹಿಂಜಿದ ಮೇಲೆ ನಿಜವಾಗಿ ಬಾಚುವ ಬೇರೆಯದೇ ಯಂತ್ರ ಇದೆ. ಆ ಪದ ಅದಕ್ಕೆ ಬೇಕು. ಇದಲ್ಲದೆ ‘ಎಕ್ಕು’ ಎಂಬ ಹಳೆಯ ಪದವೂ ನಮ್ಮಲ್ಲಿದೆ, ಹತ್ತಿ ಬಿಡಿಸು ಅಂತ ಅರ್ಥ. ತೆಲುಗಿನಲ್ಲಿ ‘ಏಕು’ ಅಂದರೆ ಹಿಂಜಿದ ಹತ್ತಿಯ ಸುರುಳಿ, ನಮ್ಮ ಹಂಜಿ. ತಮಿಳಿನ ‘ಎಃಕು’ ಅಂದರೆ ಹತ್ತಿಯನ್ನು ಬೆರಳಿನಿಂದ ಬಿಡಿಸುವುದು. ಅದೇ ರೂಪದ ಇನ್ನೊಂದು ಪದಕ್ಕೆ ಉಕ್ಕು ಅಂತ ಅರ್ಥ! ಎರಡೂ ಒಂದೇ ಬೇರಿನವು ಅಂತ ನಾನು ಹೇಳುತ್ತಿಲ್ಲ. ಆದರೆ ದಿನವಿಡೀ ಹತ್ತಿ ಹಿಂಜುವ ಉಕ್ಕಿನ ಜೊತೆ ಇರುವ ನನಗೆ ಅದನ್ನು ಓದಿದಾಗ ತುಂಬಾ ಖುಷಿಯಾಯಿತು. ಕೈಪಿಡಿಗೆ ‘ಎಕ್ಕು’ ಹಾಕಿಲ್ಲ, ಹುಡುಗರು ಯಾರೂ ಕೇಳಿಲ್ಲ.

ನನ್ನ ಪ್ರಶ್ನೆ ಇಷ್ಟು. ನಿಮ್ಮ ಊರಿನಲ್ಲಿ ಕುಡುಗೋಲಿನ ಕಕ್ಕು ಅಂದರೆ ತಗ್ಗೋ, ಹಲ್ಲೋ, ಅಥವಾ ಎರಡೂ ಸೇರಿದ ಒರಟುತನವೋ? ಕಮ್ಮಾರರ ಮನೆಯವರು, ಕಲ್ಲು ಕೆಲಸದವರು ಯಾರಾದರೂ ಇದ್ದರೆ ಅವರ ಮಾತು ನನಗೆ ಹೆಚ್ಚು ಬೇಕು. ಹಾಗೆಯೇ ದಾವಣಗೆರೆ, ಗೋಕಾಕದ ಗಿರಣಿಗಳಲ್ಲೋ, ಬೆಂಗಳೂರಿನ ಹಳೆಯ ಮಿಲ್ಲುಗಳಲ್ಲೋ ಕಾರ್ಡಿಂಗ್ ವಿಭಾಗದಲ್ಲಿ ದುಡಿದವರು ಮನೆಯಲ್ಲಿದ್ದರೆ ದಯವಿಟ್ಟು ಕೇಳಿ: ಈ ತಂತಿಯ ಮೊನೆಗೆ ಅವರು ಹಲ್ಲು ಅನ್ನುತ್ತಿದ್ದರೋ, ಮುಳ್ಳು ಅನ್ನುತ್ತಿದ್ದರೋ? ಹತ್ತಿ ಸಿಕ್ಕಿಕೊಳ್ಳುವ ಆ ಸಂದಿಗೆ ಅವರಲ್ಲಿ ಬೇರೆ ಹೆಸರೇನಾದರೂ ಇತ್ತೇ? ಇದ್ದರೆ ನನ್ನ ಕಕ್ಕನ್ನು ಬಿಟ್ಟು ಅದನ್ನೇ ಹಾಕುತ್ತೇನೆ.