ಸಹಾಯ ಬೇಕು: ಅರ್ನ್ಸ್ಟ್ ಯೂಂಗರ್ ಲೇಖನಕ್ಕೆ ಹಳೇ ಜರ್ಮನ್ ಓದಬಲ್ಲವರು

ಜರ್ಮನಿಯ ರಾಷ್ಟ್ರೀಯವಾದಿ ಸೈನಿಕ-ಲೇಖಕ ಯೂಂಗರ್ (1895–1998) ಬಗ್ಗೆ ಕನ್ನಡ ಲೇಖನ ತಯಾರಾಗ್ತಿದೆ. 1923ರಲ್ಲಿ ಸೇನೆ ಬಿಟ್ಟದ್ದು, ಆಮೇಲೆ ‘ಸ್ಟಾಂಡಾರ್ಟೆ’, ‘ಆರ್ಮಿನಿಯುಸ್’ ಪತ್ರಿಕೆಗಳಿಗೆ ಬರೆದದ್ದು ಇಷ್ಟೂ ಆಯ್ತು. ತೊಡಕಿರೋದು ‘ಇನ್ ಶ್ಟಾಲ್‌ಗೆವಿಟರ್ನ್’ನಲ್ಲಿ. 1920ರ ಈ ಯುದ್ಧಕಥನವನ್ನು ಅವರು ಮತ್ತೆ ಮತ್ತೆ ತಿದ್ದಿದರು. 1924ರಲ್ಲಿ ಸೇರಿಸಿದ ರಾಷ್ಟ್ರೀಯವಾದಿ ಮಾತುಗಳನ್ನು 1934ರಲ್ಲಿ ಕಿತ್ತುಹಾಕಿದರು. 1929ರ ಇಂಗ್ಲಿಷ್ ಅನುವಾದ 1924ರ ಆವೃತ್ತಿಯದ್ದು, 2003ರದ್ದು ಬಹಳ ಮುಂದಿನ ಪರಿಷ್ಕರಣದ್ದು. ಎರಡನ್ನೂ ಬೆರೆಸಿ ಉದ್ಧರಿಸಿದರೆ ಅವರ ನಿಲುವೇ ತಲೆಕೆಳಗಾಗುತ್ತೆ.

1924, 1934ರ ಮುದ್ರಣಗಳ ಕೊನೇ ಅಧ್ಯಾಯವನ್ನು ಸಾಲುಸಾಲಾಗಿ ಹೋಲಿಸಿ ಕೊಡುವವರು ಬೇಕು. ಸ್ಕ್ಯಾನ್ ಫ್ರಾಕ್ಟೂರ್ ಅನ್ನೋ ಹಳೇ ಜರ್ಮನ್ ಅಚ್ಚಿನ ಲಿಪಿಯದ್ದಾದರೆ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ) ನಂಬಬೇಡಿ. ಉದ್ದನೆಯ ‘ಎಸ್’ ಅನ್ನು ಅದು ‘ಎಫ್’ ಅಂತ ಓದುತ್ತೆ. ಕಣ್ಣಲ್ಲೇ ನೋಡಿ, ಪುಟಸಂಖ್ಯೆ, ಮುದ್ರಣದ ವರ್ಷ ಎರಡನ್ನೂ ದಯವಿಟ್ಟು ಬರೆದು ಕಳಿಸಿ.