ಸಂಕಟಕ್ಕೆ ಮುಂಚೆ ವೆಂಕಟರಮಣ

"ಮುಟ್ಟಬೇಡ! ಮುಟ್ಟಬೇಡ! ಅದು ಮಡೀಲಿದೆ!"

ಶ್ರೀಕಂಠು ಕೂಗಿದ ರಭಸಕ್ಕೆ ನಂಜುಂಡಿಯ ಲೋಟದಲ್ಲಿದ್ದ ಅರ್ಧ ಕಾಫಿ ಪಂಚೆಗೆ ಅಭಿಷೇಕವಾಯಿತು. ಅಗ್ರಹಾರದ ಆ ಹಳೇ ಮನೆಯ ಜಗಲಿಯ ಮೂಲೆಯಲ್ಲಿ, ಮಣೆಯ ಮೇಲೆ, ಒಂದು ಕೆಂಪು ಚೀಲ ಕೂತಿತ್ತು. ಹಿಮಾಲಯ ಹತ್ತುವವರು ಬೆನ್ನಿಗೆ ಹಾಕಿಕೊಳ್ಳುತ್ತಾರಲ್ಲ, ಅಂಥದ್ದು. ಹಣೆಗೆ ಅರಿಶಿನ ಕುಂಕುಮ. ಕೊರಳಿಗೆ ಒಂದು ಸೀಟಿ.

"ಏನಯ್ಯಾ ಇದು, ಹರಕೆ ಕುರಿ ಥರ ಅಲಂಕಾರ ಮಾಡಿ ಕೂರಿಸಿದ್ದೀಯ?"

"ಆಪತ್ಕಾಲದ ಚೀಲ. ಬೆಂಕಿ, ಪ್ರವಾಹ, ಭೂಕಂಪ, ಏನೇ ಬರಲಿ. ಹೆಗಲಿಗೇರಿಸಿಕೊಂಡು ಹೊರಟುಬಿಡೋದು. 72 ಗಂಟೆ ದೇಹಕ್ಕೂ ಯೋಚನೆ ಇಲ್ಲ, ಆತ್ಮಕ್ಕೂ ಯೋಚನೆ ಇಲ್ಲ. ಸಾಲಿಗ್ರಾಮ, ಪೂಜೆ ಸಾಮಾನು, ಔಷಧಿ, ಅವಲಕ್ಕಿ, ಆಧಾರ್ ಜೆರಾಕ್ಸ್, ಎಲ್ಲಾ ಇದರಲ್ಲೇ."

ನಂಜುಂಡಿ ಪಂಚೆ ಹಿಂಡಿಕೊಂಡ. "ಸರಿ. ಈಗ ಭೂಕಂಪ ಆಯ್ತು ಅಂತಿಟ್ಕೋ. ಚೀಲ ಮಡೀಲಿದೆ. ನೀನು ಮೈಲಿಗೇಲಿದ್ದೀಯ. ಏನು ಮಾಡ್ತೀಯ?"

ಶ್ರೀಕಂಠು ಇದನ್ನು ಯೋಚಿಸಿರಲಿಲ್ಲ ಅನ್ನುವುದು ಮುಖ ನೋಡಿದರೇ ಗೊತ್ತಾಗುತ್ತಿತ್ತು. "ತಲೆ ಮೇಲೆ ಒಂದು ಚೊಂಬು ಸುರಿದುಕೊಂಡರಾಯ್ತು."

"ಅಷ್ಟರಲ್ಲಿ ತೊಲೆಯೇ ಸುರಿದುಕೊಂಡಿರುತ್ತೆ."

"ಪ್ರವಾಹ ಆದರೆ ತೊಂದರೆ ಇಲ್ಲ," ಮೇಷ್ಟ್ರು ನಶ್ಯದ ಡಬ್ಬಿ ತಟ್ಟುತ್ತಾ ಅಂದರು. "ಸ್ನಾನ ತಾನಾಗೇ ಆಗುತ್ತೆ."

ಈ ಚೀಲದ ಹುಚ್ಚು ಎಲ್ಲಿಂದ ಬಂತು ಅಂದರೆ, ಅರ್ಧ ಇಲ್ಲಿಯದು, ಅರ್ಧ ಅಮೆರಿಕದ್ದು. ಇಲ್ಲಿ ಯಾರೋ ಛತ್ರದಲ್ಲಿ ಎರಡು ದಿನ ಶಿಬಿರ ನಡೆಸಿದ್ದರು. ಸದ್ಗೃಹಸ್ಥರಿಗೆ ಲೌಕಿಕ ಮತ್ತು ಪಾರಮಾರ್ಥಿಕ ಮುನ್ನೆಚ್ಚರಿಕೆ ಅಂತ. ಪಟ್ಟಿಯನ್ನು ಪುಕ್ಕಟೆ ಕೊಟ್ಟು ಚೀಲಕ್ಕೆ ದುಡ್ಡು ತೆಗೆದುಕೊಂಡರಂತೆ. ಬೀದಿಯ ಎಂಟು ಮನೆಯಲ್ಲಿ ಈಗ ಐದು ಕೆಂಪು ಚೀಲ ಇವೆ. ಮೊದಲು ವಾಸ್ತು ಬಂದು ಇದೇ ಬೀದಿಯ ಬಾಗಿಲುಗಳನ್ನೆಲ್ಲ ಕಿತ್ತು ಕಿಟಕಿ ಮಾಡಿತ್ತು. ಆಮೇಲೆ ತಾಮ್ರದ ಬಾಟಲಿ ಬಂತು. ಈಗ ಇದರ ಸರದಿ. ಇನ್ನರ್ಧ ಹುಚ್ಚು ಶ್ರೀಕಂಠುವಿನ ಮಗನದು.

"ಅವನಿರೋದು ಊಟಾದಲ್ಲಿ," ಶ್ರೀಕಂಠು ಹೆಮ್ಮೆಯಿಂದ ಶುರುಮಾಡಿದ.

"ಯಾರ ಮನೆ ಊಟದಲ್ಲಿ?"

"ಲೋ, ಊಟಾ ಅನ್ನೋದು ರಾಜ್ಯದ ಹೆಸರು ಕಣೋ. ಊರು ಸಾಲ್ಟ್ ಲೇಕ್ ಸಿಟಿ."

"ರಾಜ್ಯಕ್ಕೆ ಊಟ, ಊರಿಗೆ ಉಪ್ಪಿನ ಕೆರೆ. ಹೆಸರಿಟ್ಟವನು ಹಸಿದಿದ್ದ ಅಂತ ಕಾಣುತ್ತೆ. ಮುಂದೆ ಹೇಳು."

"ಅಲ್ಲಿ ಮಾರ್ಮನ್ ಅನ್ನೋ ಕ್ರೈಸ್ತ ಪಂಥದವರು ಜಾಸ್ತಿ. ಮನೇಲಿ ದಿನಸಿ ಕೂಡಿಡೋದು ಅವರಿಗೆ ಧರ್ಮದ ಮಾತು. ಮೊದಲು ಒಂದು ವರ್ಷಕ್ಕಾಗುವಷ್ಟು ಇಟ್ಟುಕೊಳ್ಳಿ ಅಂತಿದ್ದರಂತೆ. ಈಗ ಮೂರು ತಿಂಗಳದ್ದರಿಂದ ಶುರುಮಾಡಿ ಅಂತಾರಂತೆ. ಪಕ್ಕದ ಮನೆಯಾತ ನಮ್ಮ ಹುಡುಗನಿಗೆ ನೆಲಮಾಳಿಗೆ ತೋರಿಸಿದನಂತೆ. ಗೋಧಿಯೇ ಡ್ರಮ್ಮುಗಟ್ಟಲೆ! 2020ರ ಮಾರ್ಚಲ್ಲಿ ಅಲ್ಲಿ 5.7ರ ಭೂಕಂಪ ಆಯ್ತಲ್ಲ, ಅವರ ದೊಡ್ಡ ದೇವಾಲಯದ ತುದಿಯಲ್ಲಿ ಒಬ್ಬ ದೇವದೂತ ನಿಂತಿದ್ದಾನೆ, ಅವನ ಕೈಲಿದ್ದ ಕಹಳೆಯೇ ಉದುರಿಬಿತ್ತು."

"ನೋಡಿದ್ರಾ ಮೇಷ್ಟ್ರೇ! ಎಚ್ಚರಿಸಬೇಕಾದವನ ಕೈಲಿದ್ದದ್ದೇ ಮೊದಲು ಬಿತ್ತು. ನೀನು ಸೀಟಿ ನೇತುಹಾಕಿದ್ದೀಯ."

ಆದರೂ ಮಾರ್ಮನ್ನರ ನೆಲಮಾಳಿಗೆ ನಂಜುಂಡಿಗೆ ಎಲ್ಲೋ ಹಿಡಿಸಿತ್ತು. ಲೋಟ ಕೆಳಗಿಟ್ಟ. "ವರ್ಷದ ದಿನಸಿ ಏನು ಮಹಾ. ನಮ್ಮ ಮಂಡ್ಯದ ಕಡೆ ಹಗೇವು ಇರಲಿಲ್ವಾ? ನೆಲದೊಳಗೆ ಕುಡಿಕೆ ಥರ ಗುಂಡಿ. ರಾಗಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬಾಯಿ ತೆಗೆದ ತಕ್ಷಣ ಇಳಿಯೋ ಹಾಗಿರಲಿಲ್ಲ, ಒಳಗಿನ ಗಾಳಿ ಕೆಟ್ಟದ್ದು. ನಮ್ಮಜ್ಜ ಮೊದಲು ದೀಪ ಇಳಿಬಿಡೋನು. ದೀಪ ಆರಿದರೆ ಇವತ್ತು ಬೇಡ, ಉರಿದರೆ ನಾಳೆಗೆ ಮುದ್ದೆ. ಬರಗಾಲ ಬಂದಾಗ ಹಗೇವು ಇದ್ದೋನು ಊರಿಗೆಲ್ಲ ಅಳೆದುಕೊಡಬೇಕು. ಇಲ್ಲದಿದ್ದರೆ ಊರಲ್ಲಿ ಅವನ ಮುಖ ನೋಡೋರು ಇರ್ತಿರಲಿಲ್ಲ. ಈ ಚೀಲದಲ್ಲಿ ಪಕ್ಕದ ಮನೆಯವನಿಗೆ ಏನಿದೆ?"

"ಅವರದ್ದು ಬೇರೆ ಚೀಲ ಇದೆಯಲ್ಲ."

"ಅದೇ ನಾನು ಹೇಳ್ತಿರೋದು."

ಮಾತು ನೀರಿಗೆ ತಿರುಗಿತು. ತಲೆಗೆ ದಿನಕ್ಕೆ ಸುಮಾರು ನಾಲ್ಕು ಲೀಟರ್ ಅಂತ ಲೆಕ್ಕ. ಗಂಡ ಹೆಂಡತಿಗೆ ಮೂರು ದಿನಕ್ಕೆ 24 ಲೀಟರ್. ಅಂದರೆ 24 ಕೆ.ಜಿ. ಶ್ರೀಕಂಠು ಇರುವುದೇ 52 ಕೆ.ಜಿ.

"ಸಾಲಿಗ್ರಾಮ ಇದೆ ಅಂದ್ಯಲ್ಲ," ನಂಜುಂಡಿ ಬಿಡಲಿಲ್ಲ. "ಅದಕ್ಕೆ ದಿನಾ ನೀರು, ತುಳಸಿ, ನೈವೇದ್ಯ. ತುಳಸಿಗೆ ಒಂದು ಕುಂಡ ಹೊರಬೇಕು. ನೈವೇದ್ಯಕ್ಕೆ ಹಾಲು. ಹಾಲಿನ ಪುಡಿ ನಡೆಯುತ್ತಾ ಮೇಷ್ಟ್ರೇ?"

"ಶಾಸ್ತ್ರ ಬರೆದವರಿಗೆ ಹಾಲಿನ ಪುಡಿ ಗೊತ್ತಿರಲಿಲ್ಲ."

"ಹಾಗಾದರೆ ಒಂದು ಹಸು. ಹಸುವಿಗೆ ಹುಲ್ಲು. ಶ್ರೀಕಂಠು, ನಿನಗೆ ಚೀಲ ಸಾಲದು. ಗೂಡ್ಸ್ ಆಟೋ ಬೇಕು. ಅದೂ ಈಗ ಹೊರಡೋ ಹಾಗಿಲ್ಲ. ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ. ಆರರವರೆಗೆ ಬೆಂಕಿಗೆ ಸ್ವಲ್ಪ ತಡಿಯಪ್ಪ ಅನ್ನಬೇಕು."

"ಪ್ರಸ್ಥಾನ ಇಟ್ಟರಾಯ್ತು," ಅಂದರು ಮೇಷ್ಟ್ರು. "ಒಳ್ಳೇ ಗಳಿಗೆ ನೋಡಿ ಚೀಲವನ್ನ ಮೊದಲೇ ಪಕ್ಕದ ಮನೇಲಿ ಇಡೋದು. ಆಮೇಲೆ ಯಾವಾಗ ಬೇಕಾದರೂ ಹೊರಡಬಹುದು. ಹಿಂದಿನವರು ಕಾಶಿಗೆ ಹೊರಡುವಾಗ ಹಾಗೇ ಮಾಡ್ತಿದ್ದರು."

ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಯೋಚಿಸಿದರೆ ಆ ಸಂಜೆಯ ಏಕೈಕ ಉಪಯುಕ್ತ ಸಲಹೆ ಅದು. ಮನೆ ಬಿದ್ದರೂ ಚೀಲ ಉಳಿಯುತ್ತೆ. ಆದರೆ ಐದೂ ಮನೆಯವರು ಹಾಗೆ ಮಾಡಿದರೆ ಯಾರ ಸಾಲಿಗ್ರಾಮ ಯಾರ ಮನೆಯಲ್ಲಿ ಅಂತ ಇನ್ನೊಂದು ಪಟ್ಟಿ ಬೇಕಾಗುತ್ತೆ.

ಮೇಷ್ಟ್ರಿಗೆ ಹುರುಪು ಬಂತು. "ಆಪತ್ತಿನಲ್ಲಿ ಮಡಿ ಎಷ್ಟು ಅನ್ನೋದಕ್ಕೆ ಛಾಂದೋಗ್ಯದಲ್ಲೇ ಕಥೆ ಇದೆ. ಕುರುದೇಶದಲ್ಲಿ ಆಲಿಕಲ್ಲು ಮಳೆಗೆ ಬೆಳೆಯೆಲ್ಲ ಹೋಯ್ತು. ಉಷಸ್ತಿ ಅನ್ನೋ ಬಡ ಬ್ರಾಹ್ಮಣ, ಹೆಂಡತಿ ಜೊತೆ ಮಾವುತರ ಹಳ್ಳಿಗೆ ಬಂದ. ಒಬ್ಬ ಕಾಳು ತಿಂತಿದ್ದ. ಕೊಡು ಅಂದ. ಎಂಜಲು ಬಿಟ್ಟು ಬೇರೆ ಇಲ್ಲ ಅಂದ ಅವನು. ಅದನ್ನೇ ಕೊಡು ಅಂತ ತಿಂದ. ನೀರು ಕೊಟ್ಟರೆ ಬೇಡ, ಎಂಜಲು ಅಂದ. ಕಾಳು ಎಂಜಲಲ್ವಾ ಅಂದರೆ, ಅದು ತಿನ್ನದಿದ್ದರೆ ಬದುಕ್ತಿರಲಿಲ್ಲ, ನೀರು ಎಲ್ಲಿ ಬೇಕಾದರೂ ಸಿಗುತ್ತೆ ಅಂದನಂತೆ."

"ಸಾಕಾದಷ್ಟು ಮಾತ್ರ ಮಡಿ ಬಿಟ್ಟ," ನಂಜುಂಡಿ ತಲೆದೂಗಿದ. "ಒಂದು ತುತ್ತು ಜಾಸ್ತಿ ಇಲ್ಲ."

"ಪೂರ್ತಿ ಕೇಳಿ. ಉಳಿದ ಕಾಳನ್ನ ಹೆಂಡತಿಗೆ ತಂದುಕೊಟ್ಟ. ಆಕೆಗೆ ಆಗಲೇ ಭಿಕ್ಷೆ ಸಿಕ್ಕಿತ್ತು. ಅದನ್ನ ತೆಗೆದಿಟ್ಟಳು. ಮಾರನೆ ಬೆಳಗ್ಗೆ ಈತ, ಏನಾದರೂ ತಿನ್ನೋಕೆ ಇದ್ದಿದ್ದರೆ ರಾಜನ ಯಾಗಕ್ಕೆ ಹೋಗಿ ದುಡ್ಡು ಸಂಪಾದಿಸ್ತಿದ್ದೆ ಅಂತ ಪೇಚಾಡಿಕೊಂಡ. ತಗೊಳ್ಳಿ ಅಂತ ಅದೇ ಕಾಳು ಕೊಟ್ಟಳು."

"ಅಂದರೆ ಉಪನಿಷತ್ತಿನ ಕಾಲದಲ್ಲೂ ಚೀಲ ಕಟ್ಟಿದ್ದು ಹೆಂಗಸು. ಹೆಸರು ಗಂಡನಿಗೆ."

ಪದ್ದಕ್ಕ ಬೋಂಡದ ತಟ್ಟೆ ಹಿಡಿದು ಹೊರಗೆ ಬಂದದ್ದು ಸರಿಯಾಗಿ ಆಗಲೇ. "ನಿಮ್ಮ ಸ್ನೇಹಿತರು ತಾಲೀಮು ಮಾಡಿದ್ದು ಹೇಳಿದ್ರಾ?"

"ಪದ್ದೂ, ಬೇಡ."

"ಹೋದ ಭಾನುವಾರ ಬೆಳಗ್ಗೆ 5 ಗಂಟೆಗೆ ಸೀಟಿ ಊದಿದರು. ಹಾಲಿನವನು ಹೆದರಿ ಎರಡು ಪ್ಯಾಕೆಟ್ ಜಾಸ್ತಿ ಹಾಕಿ ಓಡಿದ. ನಾನು ಎದ್ದೆ. ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡಿದೆ. ದೇವರ ಮನೆ ನಂದಾದೀಪ ಶಾಂತ ಮಾಡಿದೆ. ಬಿಪಿ ಮಾತ್ರೆ, ಸಾಸಿವೆ ಡಬ್ಬಿ ದುಡ್ಡು ಸೆರಗಿಗೆ ಕಟ್ಟಿಕೊಂಡು, ಪಕ್ಕದ ಮನೆ ಅಜ್ಜಿಯನ್ನೂ ಎಬ್ಬಿಸಿಕೊಂಡು ಗೇಟಿನ ಹತ್ತಿರ ನಿಂತೆ. ಐದು ನಿಮಿಷ ಆಗಿರಬಹುದು. ಇವರು ಬರಲಿಲ್ಲ."

"ಎಲ್ಲಿದ್ದ?"

"ಪಟ್ಟಿ ಓದೋಕೆ ಕನ್ನಡಕ ಹುಡುಕ್ತಿದ್ದರು. ಕನ್ನಡಕ ಚೀಲದೊಳಗೆ. ಚೀಲ ಮಡೀಲಿ. ಸ್ನಾನಕ್ಕೆ ಹೋಗೋಣ ಅಂದರೆ ಗೀಸರ್ ಕಾದಿರಲಿಲ್ಲ."

ಮೇಷ್ಟ್ರ ನಶ್ಯ ನೆತ್ತಿಗೇರಿತು. ಶ್ರೀಕಂಠು ಕೂಡ ನಕ್ಕ, ಬೇರೆ ದಾರಿ ಇರಲಿಲ್ಲ. "ನಗಿ. 112ಕ್ಕೆ ಫೋನ್ ಮಾಡಿದರೆ ಎಲ್ಲಾ ಬರುತ್ತೆ ಅಂತ ಕೂತಿದ್ದೀರಿ. 2021ರ ಮಳೆಗೆ ಚಾಮುಂಡಿ ಬೆಟ್ಟದಲ್ಲಿ ನಂದಿಗೆ ಹೋಗೋ ರಸ್ತೆಯೇ ಕುಸೀಲಿಲ್ವಾ? ಯಾರಾದರೂ ಎಣಿಸಿದ್ದರಾ?"

"ಎಣಿಸಿರಲಿಲ್ಲ," ನಂಜುಂಡಿ ಒಪ್ಪಿಕೊಂಡ. "2019ರಲ್ಲಿ ನಂಜನಗೂಡಲ್ಲಿ ನಮ್ಮಕ್ಕನೂ ಎಣಿಸಿರಲಿಲ್ಲ. ಕಬಿನಿಯಿಂದ ನೀರು ಬಿಟ್ಟು ಹದಿನಾರು ಕಾಲು ಮಂಟಪ ಮುಳುಗಿತ್ತು. ಮಲ್ಲನಮೂಲೆ ಹತ್ತಿರ ರಸ್ತೆ ಮೇಲೆ ನೀರು, ನಾನು ಹೋಗೋ ಹಾಗಿಲ್ಲ. ಅಕ್ಕ ಸಾರು ಕುದಿಸ್ತಿದ್ದಳು. ನೀರು ಮೆಟ್ಟಿಲಿಗೆ ಬಂತು. ದೇವರ ಗೂಡಿನ ಮುಂದೆ ನಿಂತು, 'ನೀವು ಇಲ್ಲೇ ಇರಿ, ನಿಮಗೆ ಈಜು ಬರುತ್ತೆ' ಅಂತ ಹೇಳಿ ಹೊರಟಳಂತೆ. ಗಂಜಿ ಕೇಂದ್ರಕ್ಕೆ ಹೋದ ಮೇಲೆ ನೋಡಿಕೊಂಡರೆ ಕೈಯಲ್ಲಿ ಸೌಟು. ಇನ್ನೇನೂ ಇಲ್ಲ. ಅಲ್ಲಿ ದೊಡ್ಡ ಹಂಡೆ ಸಾರಿತ್ತು, ಬಡಿಸೋಕೆ ಸೌಟಿರಲಿಲ್ಲ. ಮೂರು ದಿನ ಅವಳೇ ಬಡಿಸಿದಳು. ನಿನ್ನ 72 ಗಂಟೆ ಸರಿಯಾಯ್ತು ನೋಡು."

ಹಾಗೆ ಹೇಳುತ್ತಲೇ ಅವನ ಕಣ್ಣು ಚೀಲದ ಬುಡಕ್ಕೆ ಹೋಯಿತು. ಸಾಲುಗಟ್ಟಿ ಇರುವೆ. ಮಣೆ ಹತ್ತಿ, ಜಿಪ್ಪಿನ ಸಂದಿಯಿಂದ ಒಳಗೆ ಹೋಗಿ, ಬಿಳಿ ಚೂರು ಹೊತ್ತು ಹೊರಗೆ ಬರುತ್ತಿದ್ದವು.

"ಬೆಲ್ಲದ ಅವಲಕ್ಕಿ!" ಶ್ರೀಕಂಠು ಹಾರಿ ಎದ್ದ. ಒಳಗೆ ಹೋಗಿ ಪಟ್ಟೆಮಡಿ ಉಟ್ಟುಕೊಂಡು ಬಂದು ಜಿಪ್ಪು ಎಳೆದ. ಒಂದೊಂದೇ ಹೊರಗೆ ಬಂತು. ಪಂಚಪಾತ್ರೆ, ಉದ್ಧರಣೆ, ಟಾರ್ಚು, ಸೆಲ್ಲು, ಕರ್ಪೂರ, ಪ್ಲಾಸ್ಟಿಕ್ ಸುತ್ತಿದ ಬೆಂಕಿಪೊಟ್ಟಣ, ಪಂಚಾಂಗ, ಬ್ಯಾಂಡೇಜು, ತಿಮ್ಮಪ್ಪನ ಮುಡಿಪು ಕಟ್ಟಿದ ಅರಿಶಿನದ ಬಟ್ಟೆ. ಅವಲಕ್ಕಿ ಡಬ್ಬಿಯಲ್ಲಿ ಅವಲಕ್ಕಿಗಿಂತ ಇರುವೆಯೇ ಜಾಸ್ತಿ.

"ಮೂರು ದಿನದ್ದನ್ನ ಒಂದೇ ದಿನದಲ್ಲಿ ಮುಗಿಸಿವೆ. ಅವು ಶಿಬಿರಕ್ಕೆ ಹೋಗಿರಲಿಲ್ಲ ಅಂತ ಕಾಣುತ್ತೆ," ಅಂದ ನಂಜುಂಡಿ. ತಳದಲ್ಲಿ ಇನ್ನೇನೋ ಬಟ್ಟೆ ಸುತ್ತಿದ್ದು ಖಣ್ ಅಂತ ಬಿತ್ತು. ಒಂದು ಉಳಿ. ಒಂದು ಸಣ್ಣ ಸುತ್ತಿಗೆ.

"ಇದು ಯಾವ ದೇವರಿಗಪ್ಪಾ? ಮೂರ್ತಿ ಅಲ್ಲೇ ಕೆತ್ತಿಕೊಳ್ತೀಯಾ?"

ಮೇಷ್ಟ್ರು ನಕ್ಕರು. ಶ್ರೀಕಂಠು ನಗಲಿಲ್ಲ. ಇರುವೆ ಕೊಡವುತ್ತಾ ಇದ್ದ.

ಪದ್ದಕ್ಕ ತಟ್ಟೆ ಕೆಳಗಿಟ್ಟರು. "ಅತ್ತೆ ಕಾಶಿಯಿಂದ ಗಂಗೆ ಗಿಂಡಿ ತಂದಿದ್ದರಲ್ಲ, ಬೆಸುಗೆ ಹಾಕಿದ್ದು. ಮೂವತ್ತು ವರ್ಷ ದೇವರ ಮನೇಲಿತ್ತು. ಕೊನೇಲಿ ಅದನ್ನೇ ಬಾಯಿಗೆ ಬಿಡಬೇಕು ಅಂತ ಸಾವಿರ ಸಲ ಹೇಳಿದ್ದರು. ಆ ರಾತ್ರಿ ಎರಡು ಗಂಟೆಗೆ ಮೇಲುಸಿರು ಶುರುವಾಯ್ತು. ಇವರು ಗಿಂಡಿ ತಂದರು. ಬಿರಡೆ ಬಿಡಲಿಲ್ಲ. ಚಾಕು ತಂದರು, ಸ್ಕ್ರೂಡ್ರೈವರ್ ಹುಡುಕಿದರು, ಈಳಿಗೆಮಣೆ ತುದಿಯಲ್ಲಿ ಚುಚ್ಚಿದರು. ಮನೇಲಿ ಒಂದು ಉಳಿ ಇರಲಿಲ್ಲ."

"ಆಮೇಲೆ?"

"ನಾನು ನಲ್ಲಿ ನೀರು ಹಿಡಿದು ಒಂದೆಲೆ ತುಳಸಿ ಹಾಕಿ, ಅತ್ತೆ, ಗಂಗೆ ಅಂತ ಬಿಟ್ಟೆ. ಹೊಂಗಳ್ಳಿಯಿಂದ ಪೈಪಲ್ಲಿ ಬರೋ ಕಾವೇರಿ. ಎರಡು ಚಮಚ ಕುಡಿದರು. 'ತಣ್ಣಗಿದೆ' ಅಂದರು. ಅಷ್ಟೇ. ಇವರು ಅಡುಗೆಮನೇಲಿ ಇನ್ನೂ ಬಡೀತಾ ಇದ್ದರು. ಆ ಶಬ್ದ ಕೇಳ್ತಾನೇ ಇತ್ತು."

ಜಗಲಿಯ ಮೇಲೆ ಬೋಂಡ ಆರುತ್ತಿತ್ತು. ಮೇಷ್ಟ್ರು ನಶ್ಯದ ಡಬ್ಬಿಯನ್ನು ತೆಗೆದರು, ಹಾಗೇ ಮುಚ್ಚಿದರು. ನಂಜುಂಡಿ ಉಳಿ ಬಿದ್ದ ಕಡೆಯೇ ನೋಡುತ್ತಾ ಕೂತಿದ್ದ.

"ಗಿಂಡಿ?" ಕೊನೆಗೆ ಕೇಳಿದ.

"ಇದೆ," ಅಂದ ಶ್ರೀಕಂಠು. "ಈಗಲೂ ತೆಗೆದಿಲ್ಲ."

ನಾಲ್ಕು ಹನಿ ಬಿತ್ತು. ಸಾಮಾನೆಲ್ಲ ಮತ್ತೆ ಚೀಲಕ್ಕೆ ಹೋಯಿತು. ಮೊದಲು ಉಳಿ, ಸುತ್ತಿಗೆ, ಆಮೇಲೆ ಮಿಕ್ಕಿದ್ದು. ಶ್ರೀಕಂಠು ಒಂದು ಹೆಗಲಪಟ್ಟಿ ಹಿಡಿದು ಎಳೆದ. ಚೀಲ ಅಲ್ಲಾಡಲಿಲ್ಲ. ನಂಜುಂಡಿ ಎದ್ದು ಬಂದು ಕೈ ಚಾಚಿದವನು ಅರ್ಧದಲ್ಲೇ ನಿಲ್ಲಿಸಿದ.

"ಮುಟ್ಟಬಹುದೇನಯ್ಯಾ?"

"ಹಿಡಿಯೋ ಮಾರಾಯ. ಭಾರ ಇದೆ."