ಮನೆಯ ಹುಲ್ಲುಹಾಸಿಗೆ ಸ್ಪ್ರಿಂಕ್ಲರ್: ಟ್ಯಾಂಕಿನ ನೀರಿಗೆ ಯಾವುದು ಹೊಂದುತ್ತದೆ?

ಪ್ರಶ್ನೆ: ಹಸಿರಂಗಳ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮುಂದೆ 30 ಅಡಿ ಉದ್ದ, 20 ಅಡಿ ಅಗಲದ ಹುಲ್ಲುಹಾಸು ಇದೆ. ಕೆಂಪು ಮಣ್ಣಿನಲ್ಲಿ ಮೆಕ್ಸಿಕನ್ ಹುಲ್ಲನ್ನು ಹಾಕಿಸಿದ್ದೇವೆ. ಕೈಯಲ್ಲಿ ಪೈಪು ಹಿಡಿದು ನೀರುಣಿಸುವುದರಿಂದ ನಲ್ಲಿಯ ಹತ್ತಿರದ ಭಾಗ ಕೆಸರಾಗಿರುತ್ತದೆ, ಗೇಟಿನ ಬದಿಯ ಹುಲ್ಲು ಮಾರ್ಚ್ ಬರುವಷ್ಟರಲ್ಲಿ ಹಳದಿಗೆ ತಿರುಗುತ್ತದೆ. ಬೇಕಾದ ಕಡೆಗೆ ಎತ್ತಿಡಬಹುದಾದ ಸ್ಪ್ರಿಂಕ್ಲರ್ ಕೊಳ್ಳೋಣವೆಂದು ವಿಚಾರಿಸಿದರೆ, ಅಂಗಡಿಯಲ್ಲಿ ಗೂಟದ ಮೇಲೆ ನಿಲ್ಲುವ ಹಿತ್ತಾಳೆಯ ಇಂಪ್ಯಾಕ್ಟ್ ಮಾದರಿ, ಮೂರು ತೋಳುಗಳು ತಿರುಗುವ ಮಾದರಿ, ಅತ್ತಿತ್ತ ವಾಲುತ್ತಾ ನೀರು ಎರಚುವ ಉದ್ದನೆಯ ಮಾದರಿ ಹೀಗೆ ಹಲವನ್ನು ತೋರಿಸಿದರು. ನೀರು ಬರುವುದು ಮಹಡಿಯ ಮೇಲಿನ ಟ್ಯಾಂಕಿನಿಂದ. ಅದು ನೆಲದಿಂದ ಸುಮಾರು 8 ಮೀಟರ್ ಎತ್ತರದಲ್ಲಿದೆ. ತೋಟಕ್ಕೆ ಬಳಸುವ ಪೈಪು ಅರ್ಧ ಇಂಚಿನದು, 15 ಮೀಟರ್ ಉದ್ದವಿದೆ. ಯಾವ ಮಾದರಿ ಸೂಕ್ತ, ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಕಾಫಿತೋಟ, ಸಕಲೇಶಪುರ

ಮಾದರಿಯನ್ನು ಆರಿಸುವ ಮೊದಲು ನಿಮ್ಮ ನೀರಿನ ಒತ್ತಡವನ್ನು ಲೆಕ್ಕ ಹಾಕಿ, ಏಕೆಂದರೆ ಡಬ್ಬಿಯ ಮೇಲೆ ಬರೆದಿರುವ ಎರಚುವ ದೂರವೆಲ್ಲ ಸಾಮಾನ್ಯವಾಗಿ 2 ಅಥವಾ 3 ಕೆ.ಜಿ. ಪ್ರೆಶರ್ (ಒಂದು ಚದರ ಸೆಂಟಿಮೀಟರಿಗೆ ಅಷ್ಟು ಕೆ.ಜಿ. ಒತ್ತಡ) ಇದ್ದಾಗಿನ ಮಾತು. ಟ್ಯಾಂಕಿನ ನೀರು 10 ಮೀಟರ್ ಎತ್ತರಕ್ಕೆ ಸುಮಾರು 1 ಕೆ.ಜಿ. ಒತ್ತಡ ಕೊಡುತ್ತದೆ. ಅಂದರೆ ನಿಮ್ಮ ನಲ್ಲಿಯಲ್ಲಿ ಇರುವುದೇ 0.8 ಕೆ.ಜಿ. ಅದರಲ್ಲೂ ನಿಮಿಷಕ್ಕೆ 12 ಲೀಟರ್ ನೀರು 15 ಮೀಟರ್ ಉದ್ದದ ಅರ್ಧ ಇಂಚಿನ ಪೈಪಿನಲ್ಲಿ ಹರಿದರೆ, ಪೈಪಿನ ಒಳಗಿನ ತಿಕ್ಕಾಟದಲ್ಲೇ ಸುಮಾರು 4 ಮೀಟರ್ ಎತ್ತರದಷ್ಟು ಒತ್ತಡ ಕಳೆದುಹೋಗುತ್ತದೆ. ಅದೇ ನೀರು ಮುಕ್ಕಾಲು ಇಂಚಿನ ಪೈಪಿನಲ್ಲಿ ಹರಿದರೆ ನಷ್ಟ ಅರ್ಧ ಮೀಟರ್ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಸ್ಪ್ರಿಂಕ್ಲರಿಗಿಂತ ಮೊದಲು ಪೈಪನ್ನು ಬದಲಿಸುವುದು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಂಪ್ಯಾಕ್ಟ್ ಮಾದರಿಯಲ್ಲಿ ನೀರಿನ ಧಾರೆ ಸ್ಪ್ರಿಂಗ್ ಇರುವ ತೋಳನ್ನು ತಳ್ಳುತ್ತದೆ, ತೋಳು ಹಿಂದಿರುಗಿ ಬಡಿದಾಗ ತಲೆ ಸ್ವಲ್ಪ ಸ್ವಲ್ಪವೇ ತಿರುಗುತ್ತದೆ. ಟ್ಯಾಂಕಿನ ಒತ್ತಡಕ್ಕೆ ಆ ಬಲ ಇರುವುದಿಲ್ಲ. ತಲೆ ತಿರುಗಿದರೂ ಧಾರೆ ಹನಿಯಾಗಿ ಒಡೆಯದೆ ದೂರದಲ್ಲಿ ಒಂದು ಉಂಗುರವಾಗಿ ಬಿದ್ದು ನಡುವಿನ ಹುಲ್ಲು ಒಣಗಿಯೇ ಉಳಿಯುತ್ತದೆ. ನಮ್ಮ ಕಡೆ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಕಾಫಿ ಹೂವಿಗೆಂದು ಸ್ಪ್ರಿಂಕ್ಲರ್ ಓಡಿಸುವಾಗಲೂ ಜೆಟ್ಟುಗಳು ತಿರುಗುವುದು ಪಂಪಿನ ಬಲದಿಂದಲೇ. ವಾಲುವ ಮಾದರಿ ಆಯತಾಕಾರದ ಜಾಗಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ, ಮೂಲೆಗಳೂ ನೆನೆಯುತ್ತವೆ. ಆದರೆ ಅದರೊಳಗಿನ ಗೇರುಗಳನ್ನು ತಿರುಗಿಸಬೇಕಾದದ್ದೂ ನೀರೇ ಆದ್ದರಿಂದ ಒತ್ತಡ ಸಾಲದಿದ್ದರೆ ಒಂದೇ ಕಡೆಗೆ ವಾಲಿ ನಿಂತುಬಿಡುತ್ತದೆ. ಟ್ಯಾಂಕಿನ ನೀರಿಗೆ ತಿರುಗುವ ಭಾಗವೇ ಇಲ್ಲದ ಸಣ್ಣ ತುಂತುರು ತಲೆ ಅಥವಾ ಹಗುರವಾದ ಪ್ಲಾಸ್ಟಿಕ್ ತೋಳುಗಳ ಮಾದರಿ ಸಾಕು. ಅವು ಸುತ್ತಲೂ ಸುಮಾರು ಎರಡು ಮೀಟರ್ ದೂರದೊಳಗೆ ಮಾತ್ರ ನೆನೆಸುವುದರಿಂದ ಜಾಗ ಬದಲಿಸುತ್ತಾ ಇರಬೇಕಾಗುತ್ತದೆ.

ಉತ್ತರ: ಮಣ್ಣುನೀರು, ಧಾರವಾಡ

ಮೇಲಿನ ಮಾತನ್ನು ಒಪ್ಪುತ್ತಾ, ಬಳಕೆಯ ಬಗ್ಗೆ ಬರೆಯುತ್ತೇನೆ. ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು ಬಿದ್ದರೆ ಅದು 1 ಮಿ.ಮೀ. ಮಳೆಗೆ ಸಮ. ನಿಮ್ಮ ಹುಲ್ಲುಹಾಸು ಸುಮಾರು 56 ಚದರ ಮೀಟರ್ ಇರುವುದರಿಂದ, ಬಿರುಬೇಸಿಗೆಯಲ್ಲಿ ವಾರಕ್ಕೆ 25 ಮಿ.ಮೀ. ಕೊಟ್ಟರೆ 1,400 ಲೀಟರ್ ಬೇಕಾಗುತ್ತದೆ. ಇದನ್ನು ದಿನವೂ ಚಿಮುಕಿಸಿದರೆ ಬೇರು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಮೂರು ದಿನಕ್ಕೊಮ್ಮೆ ಚೆನ್ನಾಗಿ ನೆನೆಸಿದರೆ ಬೇರು ಕೆಳಗಿಳಿದು ಹುಲ್ಲು ಬಿಸಿಲನ್ನು ತಡೆಯುತ್ತದೆ.

ನೀರು ಎಲ್ಲ ಕಡೆ ಸಮನಾಗಿ ಬೀಳುತ್ತಿದೆಯೇ ಎಂದು ತಿಳಿಯಲು ಒಂದೇ ಅಳತೆಯ, ನೇರ ಬದಿಯ ಡಬ್ಬಿಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟು ಕಾಲು ಗಂಟೆ ನೀರು ಬಿಡಿ. ಬಾಯಿ ಅಗಲವಾದ ಲೋಟ ಬೇಡ, ಅದು ಲೆಕ್ಕವನ್ನು ತಪ್ಪಿಸುತ್ತದೆ. ಬಳಿಕ ಸ್ಕೇಲಿನಿಂದ ಪ್ರತಿಯೊಂದರ ನೀರನ್ನು ಅಳೆದರೆ ಯಾವ ಮೂಲೆಗೆ ಕಡಿಮೆ ಬಿದ್ದಿದೆ, 10 ಮಿ.ಮೀ. ತುಂಬಲು ಎಷ್ಟು ಹೊತ್ತು ಬೇಕು ಎಂಬುದು ಒಟ್ಟಿಗೇ ತಿಳಿಯುತ್ತದೆ. ವೃತ್ತಾಕಾರದಲ್ಲಿ ಎರಚುವ ಮಾದರಿಯಾದರೆ ಮೊದಲ ವೃತ್ತದ ಅಂಚು ಎಲ್ಲಿಗೆ ಮುಟ್ಟಿತೋ ಅಲ್ಲಿಯೇ ಸ್ಪ್ರಿಂಕ್ಲರನ್ನು ಮುಂದಿನ ಸಲ ನಿಲ್ಲಿಸಬೇಕು, ಏಕೆಂದರೆ ಅಂಚಿಗೆ ಬೀಳುವ ನೀರು ಸಾಮಾನ್ಯವಾಗಿ ಕಡಿಮೆ.

ಕೆಂಪು ಮಣ್ಣಿನ ಮೇಲ್ಪದರ ಗಟ್ಟಿಯಾಗಿದ್ದರೆ ನೀರು ಇಂಗುವ ಮೊದಲೇ ಹರಿದುಹೋಗುತ್ತದೆ. ಹರಿಯತೊಡಗಿದ ಕೂಡಲೇ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಕೊಡಿ. ಕೊನೆಗೆ ಉದ್ದನೆಯ ಸ್ಕ್ರೂಡ್ರೈವರನ್ನು ಚುಚ್ಚಿ ನೋಡಿದಾಗ ಐದಾರು ಇಂಚು ಸಲೀಸಾಗಿ ಇಳಿದರೆ ಸಾಕಷ್ಟು ನೆನೆದಿದೆ ಎಂದರ್ಥ. ಗಾಳಿ ಏಳದ ಮುಂಜಾನೆಯೇ ಸರಿಯಾದ ಹೊತ್ತು. ಸಂಜೆ ನೀರು ಬಿಟ್ಟರೆ ಎಲೆ ರಾತ್ರಿಯಿಡೀ ಒದ್ದೆಯಾಗಿದ್ದು ಶಿಲೀಂಧ್ರ ರೋಗಕ್ಕೆ ಆಸ್ಪದವಾಗುತ್ತದೆ.

ಉತ್ತರ: ತಾರಸಿತೋಟ, ಬೆಂಗಳೂರು

ಈ ಚರ್ಚೆಯನ್ನು ಬೆಂಗಳೂರಿನವರು ಓದುತ್ತಿದ್ದರೆ ಒಂದು ವಿಷಯವನ್ನು ಗಮನಿಸಬೇಕು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಜಲಮಂಡಳಿಯು ಕೈತೋಟಕ್ಕೆ, ವಾಹನ ತೊಳೆಯಲು ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿಪಡಿಸಿತ್ತು. ವಾರಕ್ಕೆ 1,400 ಲೀಟರ್ ಎಂಬುದು ಸಣ್ಣ ಸಂಗತಿಯಲ್ಲ. ಸಂಸ್ಕರಿಸಿದ ಕೊಳಚೆ ನೀರನ್ನು ಬಳಸುವವರು ಅದನ್ನು ಸ್ಪ್ರಿಂಕ್ಲರಿನಲ್ಲಿ ಎರಚಬಾರದು; ಸೂಕ್ಷ್ಮ ಹನಿಗಳು ಗಾಳಿಯಲ್ಲಿ ತೇಲಿ ಉಸಿರಿನೊಳಗೆ ಹೋಗುತ್ತವೆ. ಅದನ್ನು ಪೈಪಿನಿಂದ ನೆಲಮಟ್ಟದಲ್ಲೇ ಹಾಯಿಸಿ. ಆರ್.ಓ. ಯಂತ್ರ ಹೊರಹಾಕುವ ನೀರಿನಲ್ಲಿ ಲವಣ ಹೆಚ್ಚಿರುವುದರಿಂದ ಅದೊಂದನ್ನೇ ಸತತವಾಗಿ ಕೊಡಬೇಡಿ. ಸಂಪಿನಲ್ಲಿ ಮಳೆನೀರು ಸಂಗ್ರಹವಿದ್ದರೆ ಹುಲ್ಲಿಗೆ ಅದಕ್ಕಿಂತ ಉತ್ತಮವಾದದ್ದಿಲ್ಲ.

ಮರುಪ್ರಶ್ನೆ: ಹಸಿರಂಗಳ, ಮೈಸೂರು

ಎಲ್ಲರಿಗೂ ಧನ್ಯವಾದಗಳು. ನಮ್ಮಲ್ಲಿ ಮಳೆನೀರಿನ ಸಂಪು ಇದೆ, ಟ್ಯಾಂಕಿಗೆ ಏರಿಸಲು ಅರ್ಧ ಎಚ್.ಪಿ. ಪಂಪೂ ಇದೆ. ಆ ಪಂಪಿನಿಂದಲೇ ವಾಲುವ ಮಾದರಿಯನ್ನು ಓಡಿಸಬಹುದೇ?

ಉತ್ತರ: ಕಾಫಿತೋಟ, ಸಕಲೇಶಪುರ

ಖಂಡಿತ ಓಡಿಸಬಹುದು. ಟ್ಯಾಂಕಿಗೆ ಏರುವ ಪೈಪಿಗೆ ನೆಲಮಟ್ಟದಲ್ಲಿ ಒಂದು ಟೀ (ನೀರನ್ನು ಎರಡು ಕವಲಾಗಿಸುವ T ಆಕಾರದ ಜೋಡಣೆ) ಕೂಡಿಸಿ, ಎರಡೂ ಕವಲಿಗೆ ಬಾಲ್ ವಾಲ್ವ್ ಹಾಕಿಸಿ. ಸ್ಪ್ರಿಂಕ್ಲರ್ ಓಡುವಾಗ ಟ್ಯಾಂಕಿನ ಕವಲನ್ನು ಪೂರ್ತಿ ಮುಚ್ಚದೆ ಸ್ವಲ್ಪ ತೆರೆದಿಟ್ಟರೆ ಹೆಚ್ಚಾದ ನೀರು ಮೇಲೆ ಹೋಗುತ್ತದೆ, ಪಂಪು ಬಿಸಿಯಾಗುವುದಿಲ್ಲ; ಟ್ಯಾಂಕು ತುಂಬಿ ಚೆಲ್ಲದಂತೆ ಮಾತ್ರ ಗಮನವಿರಲಿ. ಪಂಪನ್ನು ಬೀದಿಯ ನಲ್ಲಿ ಸಂಪರ್ಕಕ್ಕೆ ನೇರವಾಗಿ ಜೋಡಿಸುವಂತಿಲ್ಲ. ನಿಮಿಷಕ್ಕೆ 20 ಲೀಟರ್ ಬಂದರೆ ನಿಮ್ಮ ಹುಲ್ಲುಹಾಸಿಗೆ 10 ಮಿ.ಮೀ. ನೀರು ಕೊಡಲು ಅರ್ಧ ಗಂಟೆ ಹಿಡಿಯುತ್ತದೆ. ಪೈಪಿನ ತುದಿಗಳಿಗೆ ಬಿಗಿಯಾದ ಕ್ಲಿಪ್ ಬೇಕು, ಇಲ್ಲವಾದರೆ ಈ ಒತ್ತಡಕ್ಕೆ ಪೈಪು ಕಳಚಿಕೊಳ್ಳುತ್ತದೆ. ಸಂಪಿನ ಮರಳು ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಳ್ಳದಂತೆ ಸ್ಪ್ರಿಂಕ್ಲರಿನ ಹಿಂದೆ ಒಂದು ಜಾಲರಿ ಫಿಲ್ಟರ್ ಇರಲಿ, ಅದನ್ನು ಆಗಾಗ ಬಿಚ್ಚಿ ತೊಳೆಯಿರಿ. ಬೋರ್‌ವೆಲ್ ನೀರನ್ನೂ ಬಳಸುವುದಾದರೆ ರಂಧ್ರಗಳಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ವಿನೆಗರ್ ಬೆರೆಸಿದ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಬಿಟ್ಟುಕೊಳ್ಳುತ್ತದೆ.